ಸರಾಸರಿ ತೆಗೆದಾಗ ಶಿಖರ ಏಕೆ ಸರಿಯುತ್ತದೆ?

ಪ್ರಶ್ನೆ: ನಾನು ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ನಮ್ಮೂರಿನ ಬಳಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನ ಮಟ್ಟವನ್ನು ಸೆನ್ಸರ್‌ನಿಂದ ಗಂಟೆಗೊಮ್ಮೆ ದಾಖಲಿಸುತ್ತಿದ್ದೇನೆ. ಅಂಕಿಗಳು ಬಹಳ ಏರುಪೇರಾಗಿದ್ದುದರಿಂದ ಎಕ್ಸೆಲ್‌ನಲ್ಲಿ 7 ಗಂಟೆಗಳ ಚಲಿಸುವ ಸರಾಸರಿ ತೆಗೆದೆ. ಗೆರೆ ನುಣುಪಾಯಿತು, ಆದರೆ ನೀರು ಗರಿಷ್ಠ ಮಟ್ಟ ಮುಟ್ಟಿದ ಹೊತ್ತು 3 ಗಂಟೆ ತಡವಾಗಿ ಕಾಣುತ್ತಿದೆ. ಇದನ್ನು ಸರಿಪಡಿಸುವುದು ಹೇಗೆ?

ಉತ್ತರ: ಎಕ್ಸೆಲ್‌ನ ಚಲಿಸುವ ಸರಾಸರಿಯ ಗೆರೆಯು ಆಯಾ ಗಂಟೆಯ ಅಂಕಿಯನ್ನು ಅದರ ಹಿಂದಿನ 6 ಅಂಕಿಗಳೊಡನೆ ಕೂಡಿಸಿ, ಬಂದ ಸರಾಸರಿಯನ್ನು ಕೊನೆಯ ಗಂಟೆಯ ಎದುರಿಗೆ ಇಡುತ್ತದೆ. ಆ ಸರಾಸರಿ ನಿಜವಾಗಿ ಸಲ್ಲಬೇಕಾದದ್ದು ಏಳರ ನಡುವಿನ, ಅಂದರೆ 3 ಗಂಟೆ ಹಿಂದಿನ ಹೊತ್ತಿಗೆ. ಆದ್ದರಿಂದ ಹಿಂದಿನ ಮೂರು, ಆ ಗಂಟೆಯದು, ಮುಂದಿನ ಮೂರು ಅಂಕಿಗಳ ಸರಾಸರಿಯನ್ನು ನಡುವಿನ ಸಾಲಿನಲ್ಲೇ ಬರೆಯಿರಿ. ಅಂಕಿಗಳ ಸಂಖ್ಯೆ ಬೆಸವಾಗಿದ್ದರೆ ನಡು ಸ್ಪಷ್ಟವಾಗಿ ಸಿಗುತ್ತದೆ. 24ರಂತಹ ಸಮಸಂಖ್ಯೆ ಬೇಕಾದಾಗ 25 ಅಂಕಿಗಳನ್ನು ತೆಗೆದುಕೊಂಡು ಎರಡು ತುದಿಯವಕ್ಕೆ ಅರ್ಧ ತೂಕ ಕೊಟ್ಟು, ಮೊತ್ತವನ್ನು 24ರಿಂದ ಭಾಗಿಸಬೇಕು.

ಆದರೆ ಇಷ್ಟಕ್ಕೇ ನಿಲ್ಲಬೇಡಿ ಎಂದು ಒತ್ತಿ ಹೇಳುತ್ತೇನೆ. ನಡುವಿಗೆ ಹೊಂದಿಸಿದ ಸರಾಸರಿ ಶಿಖರವನ್ನು ಸರಿಸದೆ ಇರುವುದು ಅದರ ಎರಡೂ ಮಗ್ಗುಲುಗಳು ಒಂದೇ ತೆರನಾಗಿದ್ದಾಗ ಮಾತ್ರ. ತೂಬು ತೆರೆದೊಡನೆ ಬೇಗ ಏರಿ ನಿಧಾನವಾಗಿ ಇಳಿಯುವ ನೀರಿನಲ್ಲಿ ಹಾಗಿರುವುದಿಲ್ಲ. ಮಟ್ಟವು ಸೆಂಟಿಮೀಟರಿನಲ್ಲಿ 100, 100, 100, 130, 120, 112, 106, 102, 100 ಎಂದಿದೆ ಎಂದುಕೊಳ್ಳಿ. ಐದೈದರ ನಡುವಣ ಸರಾಸರಿ ತೆಗೆದರೆ 130 ಇದ್ದ ಗಂಟೆಗೆ 112.4, ಮುಂದಿನದಕ್ಕೆ 113.6, ಅದರ ಮುಂದಿನದಕ್ಕೆ 114 ಬರುತ್ತದೆ. ಶಿಖರ 2 ಗಂಟೆ ಸರಿದದ್ದಲ್ಲದೆ 16 ಸೆಂಟಿಮೀಟರ್ ಕುಗ್ಗಿಯೂ ಹೋಯಿತು.

ಇಂತಹ ಕಡೆ ನನ್ನ ಆಯ್ಕೆ, ಅಬ್ರಹಾಂ ಸವಿಟ್ಸ್ಕಿ ಮತ್ತು ಮಾರ್ಸೆಲ್ ಗೋಲೆ 1964ರಲ್ಲಿ ಪ್ರಕಟಿಸಿದ ವಿಧಾನ. ಅದು ಅಕ್ಕಪಕ್ಕದ ಅಂಕಿಗಳಿಗೆ ಒಂದು ಪರವಲಯವನ್ನು (ಪ್ಯಾರಾಬೋಲಾ, ಒಂದೇ ಬಾಗಿನ ಗೆರೆ) ಹೊಂದಿಸಿ ಅದರ ನಡುವಿನ ಬೆಲೆಯನ್ನು ತೆಗೆದುಕೊಳ್ಳುತ್ತದೆ. ಐದು ಅಂಕಿಗಳಿಗಾದರೆ ಕ್ರಮವಾಗಿ −3, 12, 17, 12, −3ರಿಂದ ಗುಣಿಸಿ, ಕೂಡಿಸಿ, 35ರಿಂದ ಭಾಗಿಸಿದರಾಯಿತು. ಎಕ್ಸೆಲ್‌ನಲ್ಲಿ ಒಂದೇ ಸೂತ್ರದ ಕೆಲಸ. ಮೇಲಿನ ಅಂಕಿಗಳಲ್ಲಿ ಇದರ ಶಿಖರ 123.6, ಎತ್ತರ ಬಹುಮಟ್ಟಿಗೆ ಉಳಿಯುತ್ತದೆ, ಸರಿಯುವುದು 1 ಗಂಟೆ ಮಾತ್ರ. ಉಳಿದ ಈ ಒಂದು ಗಂಟೆಯನ್ನೂ ಬಿಡಬಾರದು: ನುಣುಪು ಗೆರೆಯಿಂದ ಶಿಖರ ಇರುವ ಜಾಗವನ್ನು ಅಂದಾಜು ಮಾಡಿ, ನಿಖರವಾದ ಹೊತ್ತನ್ನು ಅದರ ಆಸುಪಾಸಿನ ಮೂಲ ಅಂಕಿಗಳಲ್ಲೇ ಹುಡುಕಿ. ಅದಕ್ಕೂ ಮೊದಲು, ಸೆನ್ಸರ್ ತಪ್ಪಿ ಕೊಟ್ಟ ಒಂಟಿ ಜಿಗಿತಗಳನ್ನು ಮೂರು ಮೂರರ ಮಧ್ಯಾಂಕದಿಂದ, ಅಂದರೆ ಮೂರನ್ನೂ ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಅಂಕಿಯಿಂದ, ತೆಗೆದುಬಿಡಿ. ಸರಾಸರಿ ಅವನ್ನು ಅಳಿಸುವುದಿಲ್ಲ, ಅಕ್ಕಪಕ್ಕಕ್ಕೆ ಹರಡುತ್ತದೆ.

ನಡುವಣ ಸರಾಸರಿಗೆ ಮುಂದಿನ ಅಂಕಿಗಳೂ ಬೇಕಾದ್ದರಿಂದ ನಿಮ್ಮ 7 ಗಂಟೆಗಳ ಗೆರೆಯ ಎರಡೂ ತುದಿಗಳಲ್ಲಿ ಮೂರು ಮೂರು ಜಾಗಗಳು ಖಾಲಿ ಉಳಿಯುತ್ತವೆ. ಅವನ್ನು ಹಾಗೆಯೇ ಬಿಟ್ಟು, ವರದಿಯಲ್ಲಿ ಕಾರಣವನ್ನು ನಮೂದಿಸಿ.