ವಿಕ್ಟೋರಿಯಾ ರಾಣಿಯ ಗಂಡನ ಮನೆತನ

ಜರ್ಮನಿಯ ಪುಟ್ಟ ಕೋಬರ್ಗ್ ಡ್ಯೂಕ್ ಮನೆತನ ಅಷ್ಟೊಂದು ದೇಶಗಳ ಸಿಂಹಾಸನಕ್ಕೆ ಹೇಗೆ ಬಂತು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಇದು ನನಗೆ ತುಂಬ ಇಷ್ಟದ ವಿಷಯ.

ಯುದ್ಧಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಮದುವೆಗಳು. ಮೊದಲ ದೊಡ್ಡ ಸಂಬಂಧ ರಷ್ಯಾದ್ದು. 1796ರಲ್ಲಿ ಈ ಮನೆಯ ಯೂಲಿಯಾನೆ, ಕ್ಯಾಥರೀನ್ ಮಹಾರಾಣಿಯ ಮೊಮ್ಮಗ ಕಾನ್‌ಸ್ಟಂಟೀನನನ್ನು ಮದುವೆಯಾದಳು. ಆ ಸಂಸಾರ ಸುಖವಾಗಿರಲಿಲ್ಲ. ಆದರೆ ಅವಳ ತಮ್ಮ ಲಿಯೋಪೋಲ್ಡ್‌ಗೆ ರಷ್ಯಾದ ಸೈನ್ಯದಲ್ಲಿ ಜಾಗ ಸಿಕ್ಕಿತು. 1814ರಲ್ಲಿ ಲಂಡನ್ನಿಗೆ ಹೋದವನು, 1816ರಲ್ಲಿ ಬ್ರಿಟನ್ನಿನ ರಾಜಕುಮಾರಿ ಶಾರ್ಲಟ್‌ಳ ಕೈಹಿಡಿದ. ಮರುವರ್ಷವೇ ಅವಳು ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಇದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ.

ಆ ಸಾವಿನಿಂದ ಬ್ರಿಟನ್ನಿನ ಸಿಂಹಾಸನಕ್ಕೆ ಮುಂದಿನ ತಲೆಮಾರಿನಲ್ಲಿ ವಾರಸುದಾರರಿಲ್ಲದಂತಾಯಿತು. ಲಿಯೋಪೋಲ್ಡನ ಅಕ್ಕ, ಬ್ರಿಟನ್ ರಾಜನ ಮಗನಾದ ಕೆಂಟ್‌ನ ಡ್ಯೂಕ್‌ನನ್ನು ಮದುವೆಯಾದಳು. 1819ರ ಮೇನಲ್ಲಿ ಅವರಿಗೆ ವಿಕ್ಟೋರಿಯಾ ಹುಟ್ಟಿದಳು. ಹೆರಿಗೆ ಮಾಡಿಸಿದ್ದು ಜರ್ಮನಿಯ ಶಾರ್ಲಟ್ ಫಾನ್ ಸೀಬೋಲ್ಡ್. ಅದೇ ಆಗಸ್ಟ್‌ನಲ್ಲಿ ಕೋಬರ್ಗ್ ಹತ್ತಿರದ ರೋಸೆನಾವ್ ಮನೆಯಲ್ಲಿ ಆಲ್ಬರ್ಟ್‌ನನ್ನು ಭೂಮಿಗೆ ತಂದದ್ದೂ ಅವಳೇ! ನಮ್ಮ ಲೆಕ್ಕದಲ್ಲಿ ಆಲ್ಬರ್ಟ್ ವಿಕ್ಟೋರಿಯಾಗೆ ಸೋದರಮಾವನ ಮಗ. 1840ರಲ್ಲಿ ಇಬ್ಬರ ಮದುವೆಯಾಯಿತು.

ಉಳಿದದ್ದು ಚುಟುಕಾಗಿ ಹೇಳ್ತೀನಿ. ಲಿಯೋಪೋಲ್ಡ್ 1831ರಲ್ಲಿ ಬೆಲ್ಜಿಯಂನ ಮೊದಲ ರಾಜನಾದ. ಅವನ ಅಣ್ಣನ ಮಗ ಫರ್ಡಿನಾಂಡ್ 1836ರಲ್ಲಿ ಪೋರ್ಚುಗಲ್ ರಾಣಿಯನ್ನು ಮದುವೆಯಾದ. 1887ರಲ್ಲಿ ಇದೇ ಮನೆತನದ ಇನ್ನೊಬ್ಬ ಫರ್ಡಿನಾಂಡ್ ಬಲ್ಗೇರಿಯಾಕ್ಕೆ ದೊರೆಯಾಗಿ ಹೋದ. ಬ್ರಿಟನ್ನಿನ ಅರಮನೆಯವರು ಈ ಜರ್ಮನ್ ಹೆಸರನ್ನು ಬಿಟ್ಟು ವಿಂಡ್ಸರ್ ಆದದ್ದು 1917ರಲ್ಲಿ, ಮೊದಲ ಮಹಾಯುದ್ಧದ ಮಧ್ಯೆ.