ವಿಲ್ಸನ್ನರ 14 ಅಂಶಗಳು ಎಲ್ಲಿ ಎಡವಿದ್ವು?

ಪ್ರಶ್ನೆ: ಮೊದಲ್ನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಶಾಂತಿಗೆ 14 ಅಂಶ ಕೊಟ್ರಂತೆ. ಅವ್ರಿಗೆ ನಿಜವಾಗ್ಲೂ ಬೇಕಿದ್ದಿದ್ದು ಏನು?

ಉತ್ತರ: 1918ರ ಜನವರಿ 8ಕ್ಕೆ ಅಮೆರಿಕದ ಕಾಂಗ್ರೆಸ್ ಮುಂದೆ ಅವ್ರು ಭಾಷಣ ಮಾಡ್ದಾಗ ಯುದ್ಧ ಇನ್ನೂ ನಡೀತಾನೇ ಇತ್ತು. ಅದಕ್ಕೂ ಸ್ವಲ್ಪ ಮುಂಚೆ ರಷ್ಯಾದಲ್ಲಿ ಅಧಿಕಾರ ಹಿಡಿದ ಬೋಲ್ಶೆವಿಕ್ಕರು ಮಿತ್ರರಾಷ್ಟ್ರಗಳ ರಹಸ್ಯ ಒಪ್ಪಂದಗಳನ್ನೆಲ್ಲ ಬಯಲಿಗೆ ಹಾಕ್ಬಿಟ್ಟಿದ್ರು, ಯಾರ ನೆಲ ಯಾರ ಪಾಲು ಅಂತ ಯುದ್ಧ ಮುಗಿಯೋಕೆ ಮುಂಚೇನೇ ಹಂಚ್ಕೊಂಡಿದ್ದು ಜಗತ್ತಿಗೇ ಗೊತ್ತಾಗೋಯ್ತು. ಅದಕ್ಕೇ ವಿಲ್ಸನ್ನರ ಮೊದಲ್ನೇ ಅಂಶಾನೇ ಒಳಒಪ್ಪಂದ ಬೇಡ, ಎಲ್ಲಾ ಬಹಿರಂಗವಾಗಿ ಆಗ್ಲಿ ಅಂತ. ಆಮೇಲೆ ಸಮುದ್ರದಲ್ಲಿ ಮುಕ್ತ ಓಡಾಟ, ವ್ಯಾಪಾರದ ಅಡೆತಡೆ ತೆಗೆಯೋದು, ಶಸ್ತ್ರಾಸ್ತ್ರ ಕಡಿಮೆ ಮಾಡೋದು, ಬೆಲ್ಜಿಯಂನಿಂದ ಸೈನ್ಯ ವಾಪಸ್, ಸ್ವತಂತ್ರ ಪೋಲೆಂಡ್, ಹೀಗೇ ಹೋಗುತ್ತೆ. ಆದ್ರೆ ಅವ್ರ ಜೀವ ಇದ್ದಿದ್ದು 14ನೇದ್ರಲ್ಲಿ: ಚಿಕ್ಕ ದೇಶ ದೊಡ್ಡ ದೇಶ ಅನ್ನದೆ ಎಲ್ಲರ ಗಡಿ ಕಾಯೋ ರಾಷ್ಟ್ರಗಳ ಒಕ್ಕೂಟ.

ಪ್ರಶ್ನೆ: ಆ ನ್ಯಾಯ ವಸಾಹತುಗಳಿಗೆ ಯಾಕೆ ಸಿಗ್ಲಿಲ್ಲ?

ಉತ್ತರ: ನನಗೆ ಅತೀ ನೋವು ಕೊಡೋ ವಿಷಯ ಇದೇ. ಐದನೇ ಅಂಶದಲ್ಲಿ ವಸಾಹತಿನ ಜನರ ಹಿತಕ್ಕೂ ಆಳೋ ಸರ್ಕಾರದ ಹಕ್ಕಿಗೂ ಸಮಾನ ತೂಕ ಅಂದ್ರು ಅಷ್ಟೇ, ಸ್ವಾತಂತ್ರ್ಯ ಅನ್ನೋ ಮಾತೇ ಇಲ್ಲ. ಆದ್ರೂ ಜನ ನಂಬಿದ್ರು, ನಮ್ಮ ತಿಲಕರು 1919ರಲ್ಲಿ ವಿಲ್ಸನ್ನರಿಗೆ ಪತ್ರ ಬರೆದ್ರು, ಈಜಿಪ್ಟಿನವರೂ ಆಸೆ ಇಟ್ಕೊಂಡ್ರು. ಆ ವರ್ಷದ ಏಪ್ರಿಲ್ 11ಕ್ಕೆ ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಲ್ಲಿ ಒಕ್ಕೂಟದ ನಿಯಮ ಬರೀತಿದ್ದ ಸಮಿತೀಲಿ ಜಪಾನ್, ರಾಷ್ಟ್ರಗಳೆಲ್ಲ ಸಮಾನ ಅಂತ ಒಂದು ಸಾಲು ಸೇರ್ಸಿ ಅಂತು, ವರ್ಣಭೇದದ ವಿರುದ್ಧ ಅದು ಕೇಳಿದ್ದು. 17ರಲ್ಲಿ 11 ಮತ ಪರವಾಗಿ ಬಿತ್ತು. ಆ ಸಮಿತಿಯ ಅಧ್ಯಕ್ಷರಾಗಿದ್ದ ವಿಲ್ಸನ್, ಸರ್ವಾನುಮತ ಇಲ್ಲ ಅಂತ ಅದನ್ನ ತಳ್ಳಿಹಾಕಿದ್ರು. ಎರಡೇ ದಿನಕ್ಕೆ ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರ್ತು.

ಪ್ರಶ್ನೆ: ಒಕ್ಕೂಟ ಕಟ್ಟಿದವರ ದೇಶಾನೇ ಅದಕ್ಕೆ ಸೇರ್ಲಿಲ್ವಲ್ಲ?

ಉತ್ತರ: ಪ್ಯಾರಿಸ್ಸಲ್ಲಿ ಒಕ್ಕೂಟ ಒಂದು ಉಳೀಲಿ ಅಂತ ವಿಲ್ಸನ್ ಒಂದೊಂದೇ ಅಂಶ ಬಿಟ್ಕೊಡ್ತಾ ಹೋದ್ರು, ಚೀನಾದ ಶಾಂಡಾಂಗ್‌ನಲ್ಲಿ ಜರ್ಮನಿಗಿದ್ದ ಹಕ್ಕು ಜಪಾನಿಗೆ ಹೋಯ್ತು, ಜರ್ಮನಿ ತಲೆ ಮೇಲೆ ಯುದ್ಧದ ಹೊಣೇನೂ ಪರಿಹಾರದ ಸಾಲಾನೂ ಬಿತ್ತು. ಅಲ್ಲಿ ಅಷ್ಟು ಬಗ್ಗಿದವ್ರು ಊರಿಗೆ ಬಂದ್ಮೇಲೆ ಒಂದಿಂಚೂ ಬಗ್ಗಲಿಲ್ಲ ನೋಡಿ. ಪ್ಯಾರಿಸ್ಸಿನ ಒಪ್ಪಂದ ಊರ್ಜಿತ ಆಗ್ಬೇಕಂದ್ರೆ ಅಮೆರಿಕದ ಮೇಲ್ಮನೆ ಸೆನೆಟ್‌ನಲ್ಲಿ ಮೂರನೇ ಎರಡು ಭಾಗ ಮತ ಬೇಕಿತ್ತು. ಅಲ್ಲಿ ವಿರೋಧಿ ಪಕ್ಷದ ನಾಯಕ ಹೆನ್ರಿ ಕ್ಯಾಬಟ್ ಲಾಡ್ಜ್, ಬೇರೆ ದೇಶದ ಗಡಿಗೋಸ್ಕರ ಕಾಂಗ್ರೆಸ್ ಒಪ್ಪಿಗೆ ಇಲ್ದೆ ನಮ್ಮ ಸೈನ್ಯ ಹೋಗ್ಬಾರ್ದು ಅಂತ ಷರತ್ತು ಹಾಕಿದ್ರು, ನನ್ನ ಪ್ರಕಾರ ಅದು ಒಪ್ಪಬಹುದಾದ ಮಾತೇ. ವಿಲ್ಸನ್ ರೈಲಲ್ಲಿ ದೇಶ ಸುತ್ತಿ ಜನರನ್ನ ಒಲಿಸ್ಕೊಳ್ಳೋಕೆ ಹೊರಟ್ರು, ಸೆಪ್ಟೆಂಬರಲ್ಲಿ ಕುಸಿದ್ರು, ಅಕ್ಟೋಬರ್ 2ಕ್ಕೆ ಪಾರ್ಶ್ವವಾಯು ಹೊಡೀತು. ಹಾಸಿಗೆ ಹಿಡಿದ್ರೂ ತಮ್ಮ ಪಕ್ಷದವ್ರಿಗೆ ಷರತ್ತಿನ ಒಪ್ಪಂದಕ್ಕೆ ಮತ ಹಾಕ್ಬೇಡಿ ಅಂತಾನೇ ಹೇಳಿದ್ರು. 1920ರ ಮಾರ್ಚ್ 19ಕ್ಕೆ ಕೊನೇ ಸಲ ಮತ ಹಾಕಿದಾಗ 49 ಪರ, 35 ವಿರೋಧ. ಮೂರನೇ ಎರಡು ಭಾಗಕ್ಕೆ ಕಮ್ಮಿ ಬಿದ್ದಿದ್ದು 7 ಮತ, ವಿರೋಧ ಹಾಕಿದವ್ರಲ್ಲಿ ಅವ್ರ ಮಾತು ಕೇಳಿದ ಅವ್ರದ್ದೇ ಪಕ್ಷದವ್ರು ಅದಕ್ಕಿಂತ ಜಾಸ್ತಿ ಇದ್ರು.