ಗುಡ್ಡ ಜಾರಿದ್ದು ನಮ್ಮ ಮನೆ ಪಾಪಕ್ಕಾ ಸರ್?

ಮಳೆಗಾಲ ಶುರುವಾದ್ರೆ ಸಾಕು ಇದೇ ಪ್ರಶ್ನೆ ಬರುತ್ತೆ. ಎಷ್ಟು ಸಲ ಉತ್ತರ ಕೊಟ್ರೂ ಹೆದರಿಸೋರು ಹೆದರಿಸ್ತಾನೇ ಇದಾರೆ, ಅದಕ್ಕೆ ಈ ಸಲ ಜಾಗ ಎಲ್ಲಾ ಇದಕ್ಕೇ.

ಪ್ರಶ್ನೆ: 2018ರ ಆಗಸ್ಟ್ ಮಳೇಲಿ ಮಡಿಕೇರಿ ಕಡೆ ನಮ್ಮ ಮನೆ, ಸ್ವಲ್ಪ ಕಾಫಿ ಇತ್ತು ಅದೂ ಮಣ್ಣಲ್ಲಿ ಹೋಯ್ತು. ಪ್ರಾರ್ಥನೆಗೆ ಅಂತ ಬಂದ ಒಬ್ರು 'ನಿಮ್ಮ ಮನೇಲಿ ಮುಚ್ಚಿಟ್ಟ ಪಾಪ ಇದೆ, ಅದಕ್ಕೆ ದೇವರು ಶಿಕ್ಷೆ ಕೊಟ್ಟ' ಅಂದ್ರು. ಅಮ್ಮ ಇವತ್ತಿಗೂ ಅದನ್ನೇ ನೆನೆಸ್ಕೊಂಡು ಅಳ್ತಾರೆ.

ಉತ್ತರ: ಇವತ್ತು ಸಾಯಂಕಾಲ ಅಮ್ಮನ್ನ ಪಕ್ಕ ಕೂರಿಸ್ಕೊಂಡು ಬೈಬಲಿನ ಲೂಕ 13ರ ಮೊದಲ ಒಂಬತ್ತು ವಚನ ಜೋರಾಗಿ ಓದು ತಂಗಿ. ಸಿಲೋವಾಮಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ರು, ಅವರು ಜೆರುಸಲೇಮಿನ ಬೇರೆ ಎಲ್ಲರಿಗಿಂತ ದೊಡ್ಡ ಪಾಪಿಗಳಾ ಅಂತ ಯೇಸುಸ್ವಾಮಿ ತಾವೇ ಕೇಳಿ ಅಲ್ಲ ಅಂತ ತಾವೇ ಹೇಳ್ತಾರೆ. ಬುರುಜು ಅನ್ನೋ ಕಡೆ ಗುಡ್ಡ ಅಂತ ಹಾಕಿ ಓದು. ಅದರ ಹಿಂದೇನೇ ಬರೋ 'ನೀವು ಮನಸ್ಸು ತಿರುಗಿಸಿಕೊಳ್ಳದಿದ್ರೆ' ಅನ್ನೋ ಎಚ್ಚರಿಕೆ ಸತ್ತವರಿಗಲ್ಲ, ಎದುರಿಗೆ ನಿಂತು ಕೇಳ್ತಿದ್ದವರಿಗೆ. ನಿಮ್ಮನೆಗೆ ಬಂದು ಬೆರಳು ತೋರಿಸಿದವರು ಅದನ್ನ ಮೊದಲು ತಮಗೆ ಹೇಳ್ಕೋಬೇಕಿತ್ತು.

ನನಗೆ ಸಿಟ್ಟು ಬರೋದು ಅವರು ಐದನೇ ವಚನಕ್ಕೇ ಪುಸ್ತಕ ಮುಚ್ಚೋದಕ್ಕೆ. ಮುಂದೆ ಅಂಜೂರದ ಮರ ಇದೆ. ಮೂರು ವರ್ಷದಿಂದ ಹಣ್ಣಿಲ್ಲ, ಯಜಮಾನ ಕಡಿ ಅಂತಾನೆ, ತೋಟ ನೋಡ್ಕೊಳ್ಳೋನು ಈ ಒಂದು ವರ್ಷ ಬಿಡಿ ಸ್ವಾಮಿ, ಸುತ್ತ ಅಗೆದು ಗೊಬ್ಬರ ಹಾಕ್ತೀನಿ ಅಂತ ಬೇಡ್ಕೋತಾನೆ. ಕಾಫಿ ತೋಟದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಕಾಂಡಕೊರಕ ಹಿಡಿದ ಅರೇಬಿಕಾ ಗಿಡ ಕಿತ್ತು ಸುಡೋದೂ ಗೊತ್ತು, ಫಸಲು ಕೊಡದ ಗಿಡಕ್ಕೆ ಕಪಾತು ಮಾಡಿ, ಬುಡಕ್ಕೆ ಗೊಬ್ಬರ ಕೊಟ್ಟು ಇನ್ನೊಂದು ಹೂಮಳೆ ಕಾಯೋದೂ ಗೊತ್ತು. ಯೇಸು ತೋರಿಸಿದ್ದು ಕಾಯೋ ಮನಸ್ಸನ್ನ. ಆ ಮರ ಆಮೇಲೆ ಹಣ್ಣು ಬಿಡ್ತಾ ಇಲ್ವಾ ಅಂತ ಲೂಕ ಬರೆದಿಲ್ಲ.

ಗುಡ್ಡ ಜಾರೋದು ವಿಪರೀತ ಮಳೆ ಬಿದ್ದಾಗ, ಅದರಲ್ಲೂ ಇಳಿಜಾರು ಕಡಿದ ಕಡೆ. ತಪ್ಪು ಹುಡುಕ್ಲೇಬೇಕು ಅಂದ್ರೆ ಜೆಸಿಬಿ ತಂದು ಗುಡ್ಡದ ಇಳಿಜಾರು ಕಡಿಸೋರನ್ನ ಕೇಳ್ಲಿ, ಮನೆ ಕಳ್ಕೊಂಡ ನಿಮ್ಮಮ್ಮನ್ನ ಅಲ್ಲ.

ದುಃಖದ ಮನೆಗೆ ಹೋಗೋ ಎಲ್ಲರಿಗೂ ಒಂದು ಮಾತು. ಬೈಬಲಲ್ಲಿ ಮಕ್ಕಳು, ಆಸ್ತಿ ಎಲ್ಲಾ ಕಳ್ಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ರು, ಅಲ್ಲೀವರೆಗೆ ಸರಿ ಇತ್ತು, ಬಾಯಿ ಬಿಟ್ಟು ನಿನ್ನ ಪಾಪದಿಂದ್ಲೇ ಅಂದ್ರು, ಕೊನೆಗೆ ದೇವರಿಗೇ ಅವರ ಮೇಲೆ ಕೋಪ ಬಂತು. ಅಕ್ಕಿ ತಗೊಂಡು ಹೋಗಿ, ಪಾತ್ರೆ ತೊಳೆದು ಕೊಡಿ, ವಚನ ಆಮೇಲೆ. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚ್ 1792ರದ್ದು, ಟಿಪ್ಪುವಿನ ಸೆರೆ ತಪ್ಪಿಸ್ಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟಾಗ ಎದ್ದಿದ್ದು. ಹಾಗೆ ಬಂದವರ ಮಕ್ಕಳು ಮೊಮ್ಮಕ್ಕಳು ಇರೋ ಕೊಡಗಲ್ಲೇ, ಸೂರು ಕಳ್ಕೊಂಡವರನ್ನ ಪಾಪ ಏನು ಅಂತ ಕೇಳ್ತಾರಲ್ಲಾ!

ಉಳಿದವು.

ಕಣ್ಣು ಮುಚ್ಚಿ ಪುಟ ತೆಗೆದು ಬಂದ ವಚನವೇ ಇವತ್ತಿನ ಉತ್ತರ ಅಂತ ತಗೋಬಹುದಾ? ಬೇಡ, ಪೂರ್ತಿ ಅಧ್ಯಾಯ ಓದಿ.

ಲೋಕದ ಅಂತ್ಯದ ತಾರೀಖು ಹೇಳೋ ವಿಡಿಯೋ ನಿಜಾನಾ? ಮತ್ತಾಯ 24:36 ಓದಿ, ಆ ದಿನ ಯಾರಿಗೂ ಗೊತ್ತಿಲ್ಲ ಅಂತಿದೆ, ವಿಡಿಯೋ ಡಿಲೀಟ್ ಮಾಡಿ.

ಪ್ರಾರ್ಥನೆ ಮಾಡಿದ ಎಣ್ಣೆ ಕೊಂಡ್ಕೊಂಡಿದೀನಿ, ಶುಗರ್ ಮಾತ್ರೆ ನಿಲ್ಲಿಸ್ಬಹುದಾ? ಯಾಕೋಬ 5:14ರಲ್ಲಿ ಸಭೆಯ ಹಿರಿಯರನ್ನ ಕರೆಸಿ ಎಣ್ಣೆ ಹಚ್ಚಿಸ್ಕೊಂಡು ಪ್ರಾರ್ಥನೆ ಮಾಡಿಸಿ ಅಂತಿದೆ, ದುಡ್ಡಿಗೆ ಮಾರೋ ಮಾತೇ ಇಲ್ಲ. ಮಾತ್ರೆ ನಿಲ್ಲಿಸ್ಬೇಡಿ, ಈಗಾಗ್ಲೇ ನಿಲ್ಲಿಸಿದ್ರೆ ಇವತ್ತೇ ಡಾಕ್ಟರ ಹತ್ರ ಹೋಗಿ.